ನಜಮಾ ಟೀಚರರ ಬುರ್ಕಾ ತೊಟ್ಟು ಕುಣಿದವರು

ನಮ್ಮ ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿ ಅದಕ್ಕೊಂದು ಗೌರವ ಕೊಡುವ ಮನಸ್ಸಿಲ್ಲ. ಚಿತ್ತಾಪುರದಲ್ಲಿತ್ತು, ಖಾಸಗಿ ಕಮಿಟಿಯವರು ನಡೆಸುತ್ತಿದ್ದರು, ಇಷ್ಟು ಸಾಕು. ನಾನು ಭಾಮಾ, ಅಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ಹೀಗಾಗಿ ಮನೆ ವಾಡಿಯಲ್ಲಿ, ನೌಕರಿ ಚಿತ್ತಾಪುರದಲ್ಲಿ, ದಿನಾಲೂ ಪ್ಯಾಸೆಂಜರ್ ಹಿಡಿದು ಓಡಾಟ. ನನ್ನ ಬಾಯಿ ಕೆಟ್ಟದ್ದು ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೌದು, ಕೆಟ್ಟದ್ದೇ. ಅಲ್ಲಿ ಆದದ್ದನ್ನು ಒಳ್ಳೆಯ ಬಾಯಿಂದ ಹೇಳಲಿಕ್ಕೆ ಬರುವುದೂ ಇಲ್ಲ.

ಹೇಳಬೇಕಾದದ್ದು ನಜಮುನ್ನೀಸಾಳ ಬಗ್ಗೆ. ನಾವು ನಜಮಾ ಎನ್ನುತ್ತಿದ್ದೆವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ ಅವಳು ಕನ್ನಡ ಟೀಚರ್ ಆಗಿ ಬಂದಳು. ಶಹಾಬಾದಿನವಳು. ಮನೆಮಾತು ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ, ಟಿ.ಸಿ.ಎಚ್. ಮುಗಿಸಿದ್ದು ಗುಲ್ಬರ್ಗಾದಲ್ಲಿ. ಅವಳ ಅಪ್ಪ ಅಬ್ದುಲ್ ಕರೀಮ್ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಮುಕಾದಮ. ಕೂಲಿಯವರ ಮೇಲ್ವಿಚಾರಣೆ ಅವರದು. ತಾಯಿ ಇರಲಿಲ್ಲ. ಮಶಾಕ ಎಂಬ ತಮ್ಮನೊಬ್ಬ ಇದ್ದ. ಅವನ ಬಗ್ಗೆ ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ಸಿಟ್ಟು ಅಲ್ಲಿಯೇ ಖರ್ಚಾಗಿಬಿಡುತ್ತದೆ.

ಭಂಕೂರದಲ್ಲಿದ್ದ ನಜಮಾಳ ಅಜ್ಜಿ ಬದುಕಿರುವವರೆಗೂ ಬುರ್ಕಾ ಹಾಕಿದವಳಲ್ಲ. ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು, ಓಣಿಯ ಉಳಿದ ಹೆಂಗಸರಂತೆ ಖಣಿಯಲ್ಲಿ ಕಲ್ಲು ಹೊತ್ತವಳು. ಅವಳ ಮಗ ಮುಕಾದಮನಾದ. ಆಗ ಮನೆಗೆ ರೇಡಿಯೋ ಬಂತು, ಕಬ್ಬಿಣದ ಮಂಚ ಬಂತು, ಹೆಂಗಸರಿಗೆ ಬುರ್ಕಾ ಬಂತು. ಕೂಲಿ ಮಾಡುವ ಹೆಂಗಸಿಗೆ ಬುರ್ಕಾ ಎಲ್ಲಿಂದ ಬರಬೇಕು? ನಾಲ್ಕು ಜನರ ಕಣ್ಣಿಗೆ ಮನೆತನ ಮೇಲೆ ಬಂದಿದೆ ಎಂದು ಕಾಣಬೇಕಾದರೆ ಅದು ಬೇಕಿತ್ತು. ಮಗಳು ನೌಕರಿಗೆ ಹೋಗುತ್ತೇನೆ ಎಂದಾಗ ಅಬ್ದುಲ್ ಕರೀಮ್ ಒಂದೇ ಶರತ್ತು ಹಾಕಿದರು. ನಮ್ಮ ಹೊಸ್ತಿಲಲ್ಲಿ ಹಾಕಿಕೊಂಡದ್ದನ್ನು ಶಾಲೆಯೊಳಗೆ ಹೋಗಿಯೇ ತೆಗೆಯಬೇಕು, ಮತ್ತೆ ಶಾಲೆಯಲ್ಲಿ ಹಾಕಿಕೊಂಡದ್ದನ್ನು ಮನೆಯೊಳಗೆ ಬಂದೇ ತೆಗೆಯಬೇಕು. ಈ ಶರತ್ತು ಮುರಿದ ದಿನ ನೌಕರಿ ಬಂದ್.

ನಜಮಾ ಶಹಾಬಾದಿನಿಂದ ಬಂದು ವಾಡಿಯಲ್ಲಿ ಗಾಡಿ ಬದಲಿಸುತ್ತಿದ್ದಳು. ಅಲ್ಲಿಂದ ನಾವಿಬ್ಬರೂ ಕೂಡಿಯೇ ಹೋಗುತ್ತಿದ್ದೆವು. ಮೊದಲ ದಿನ ಹೆಂಗಸರ ಡಬ್ಬಿಯಲ್ಲಿ ಎದುರಿಗೆ ಕುಳಿತ ಬುರ್ಕಾದೊಳಗಿಂದ ಕಟುಂ ಕಟುಂ ಎಂದು ಸದ್ದು ಬರುತ್ತಿತ್ತು. ನಾನು ಗಾಬರಿಯಿಂದ ನೋಡಿದೆ. ಮುಖಪರದೆ ಸ್ವಲ್ಪ ಮೇಲೆದ್ದು ಒಂದು ಮುಷ್ಟಿ ಶೇಂಗಾ ಹೊರಗೆ ಬಂತು.

"ತಗೋರಿ ಅಕ್ಕಾ. ಹುರಿದದ್ದು ಅವ."

ಅವತ್ತಿನಿಂದ ನಾನು ಭಾಮಕ್ಕ, ಅವಳು ನಜಮಾ. ಎಷ್ಟು ಮಾತಾಡುತ್ತಿದ್ದಳೋ ಮಾರಾಯ್ತಿ! ಒಮ್ಮೆ ಕೇಳಿದೆ, ಈ ಬಿಸಿಲಲ್ಲಿ ಅದೇನು ಸುಖ ಇದರಲ್ಲಿ ಎಂದು.

"ಸುಖಾನೂ ಅದ, ದುಃಖಾನೂ ಅದ," ಎಂದಳು. "ವಾಡಿ ಸ್ಟೇಷನ್‌ನಾಗ ಆ ಪಡ್ಡೆ ಹುಡುಗ್ರು ನಿಮ್ಮ ಕಡಿ ಹ್ಯಾಂಗ ನೋಡ್ತಾರ, ಗೊತ್ತದ ಇಲ್ಲೋ? ನನ್ನ ಕಡಿ ನೋಡಿದ್ರ ಏನ್ ಕಾಣ್ತದ ಅವರಿಗೆ? ನಾ ಒಳಗ ಕುಂತು ನಾಲಿಗಿ ಚಾಚಿ ಅಣಕಸ್ತೀನಿ. ಬ್ಯಾಸಿಗ್ಯಾಗ ಮಾತ್ರ ಬೆಂದು ಹೋಗ್ತೀನಿ. ಆವಾಗ ಇದನ್ನ ಮೊದಲು ಹೊಲಿದವನಿಗೆ ಬಾಯಿತುಂಬ ಬೈತೀನಿ."

"ನಿಮ್ಮಪ್ಪ ಬ್ಯಾಡ ಅಂದ್ರ ತಗದ್ ಒಗೀತಿಯೇನು?"

"ಗೊತ್ತಿಲ್ಲ ಅಕ್ಕಾ. ನನ್ನ ಯಾರೂ ಕೇಳೇ ಇಲ್ಲ. ಹಾಕ್ಕೋ ಅಂದವರೂ ಕೇಳ್ಲಿಲ್ಲ, ತಗಿ ಅನ್ನೋರೂ ಕೇಳ್ಲಿಲ್ಲ. ನೀವೇ ಮೊದಲು ನೋಡ್ರಿ."

ತೆಗೆ ಎನ್ನುವವರು ನಮ್ಮ ಸ್ಟಾಫ್ ರೂಮಿನಲ್ಲಿ ತುಂಬಿಕೊಂಡಿದ್ದರು. ಹೆಡ್‌ಮಾಸ್ತರ ಪ್ರಾಣೇಶರಾವ್ ಅದರಲ್ಲಿ ಮುಂದಾಳು. ನಮ್ಮವರೇ, ದೂರದ ಸಂಬಂಧ ಕೂಡ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಜಮಾ ಬಂದು ಬುರ್ಕಾ ತೆಗೆದು ಗೂಟಕ್ಕೆ ಹಾಕಿದ ಕೂಡಲೇ ಅವರ ಭಾಷಣ ಶುರು. ಕಾಲ ಎಲ್ಲಿಗೆ ಬಂದಿದೆ, ಹೆಣ್ಣುಮಕ್ಕಳು ವಿಮಾನ ಹಾರಿಸುತ್ತಿದ್ದಾರೆ, ಈ ಜನ ಮಾತ್ರ ಹೆಂಗಸರನ್ನು ಚೀಲದಲ್ಲಿ ಕಟ್ಟಿ ಕಳಿಸುತ್ತಾರೆ ಎಂದು. ಇದೇ ಪ್ರಾಣೇಶರಾಯರ ಮನೆಯಲ್ಲಿ ಅವರ ತಾಯಿ ಸುಮಿತ್ರಾಬಾಯಿ ಇದ್ದರು. ಹದಿಹರೆಯದಲ್ಲಿ ಗಂಡ ಸತ್ತದ್ದಕ್ಕೆ ತಲೆ ಬೋಳಿಸಿ ಕೆಂಪು ಸೀರೆ ಸುತ್ತಿದ್ದರು. ಅಂದಿನಿಂದ ಅದೇ ಸೀರೆ, ಅದೇ ಒಲೆ, ಅದೇ ಹಿತ್ತಲು. ತಿಂಗಳಿಗೊಮ್ಮೆ ಕ್ಷೌರದವನನ್ನು ಮನೆಗೆ ಕರೆಸುತ್ತಿದ್ದವರು ಈ ಸುಧಾರಕ ಮಗನೇ.

ಒಂದು ದಿನ ಕೇಳಿಯೇಬಿಟ್ಟೆ. "ಪ್ರಾಣೇಶರಾಯ್ರ, ಮೊದಲ ನಿಮ್ಮ ಅವ್ವನ ಕೆಂಪು ಸೀರಿ ಬಿಡಸ್ರಿ. ಆಮ್ಯಾಲ ಶಹಾಬಾದಿಗೆ ಹೋಗೋಣಂತ."

"ಅದು ಸಂಪ್ರದಾಯ, ಭಾಮಾ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಏನೂ ಸಂಬಂಧವಿಲ್ಲವಂತೆ! ಸುಮಿತ್ರಾಬಾಯಿಯವರ ಬೋಳುತಲೆ ಸಂಪ್ರದಾಯ, ನಜಮಾಳ ಬಟ್ಟೆ ಮೂರ್ಖತನ. ಪಕ್ಕದಲ್ಲಿ ಕುಳಿತ ಶಿವಕಾಂತಮ್ಮ ಟೀಚರ್ ಕೂಡ ತಲೆಯಾಡಿಸಿದಳು. ಅವಳೋ, ರಸ್ತೆಯಲ್ಲಿ ಮಾವ ಕಂಡರೆ ಸೆರಗು ಮೂಗಿನ ತನಕ ಎಳೆದುಕೊಂಡು ಗೋಡೆಗೆ ಅಂಟಿ ನಿಲ್ಲುವವಳು. ನಜಮಾ ಕುಡಿದ ಲೋಟವನ್ನು ಬೇರೆ ಇಡಿಸಿದವಳೂ ಅವಳೇ.

ಇನ್ನು ಡ್ರಿಲ್ ಮಾಸ್ತರ ಅಂಬಾರಾಯ. ದಪ್ಪ ಮೀಸೆ, ಬಾಯಲ್ಲಿ ಸದಾ ಬೀಡಿ. ನಜಮಾ ಗೇಟಿನೊಳಗೆ ಕಾಲಿಟ್ಟರೆ ಸಾಕು, "ಟೂರಿಂಗ್ ಟಾಕೀಸ್ ಬಂತ್ ನೋಡ್ರೋ, ಟೆಂಟ್ ಹಾಕ್ರಿ," ಎಂದು ಕೂಗುತ್ತಿದ್ದ. ಸ್ಟಾಫ್ ರೂಮೆಲ್ಲ ಹಲ್ಲು ಕಿರಿಯುತ್ತಿತ್ತು. ನಜಮಾ ಮಾತ್ರ ಆ ಕಡೆ ತಿರುಗದೆ ಹಾಜರಿ ಹಾಕಿ ಕ್ಲಾಸಿಗೆ ಹೋಗುತ್ತಿದ್ದಳು. ಅವಳ ಕ್ಲಾಸಿನ ಹುಡುಗಿಯರು ಅವಳನ್ನು ಬಿಟ್ಟು ಊಟಕ್ಕೂ ಹೋಗುತ್ತಿರಲಿಲ್ಲ. ಪದ್ಯ ಹೇಳಿಕೊಡುವಾಗ ಅವಳು ತಾನೇ ಮೇಜಿನ ಮೇಲೆ ಕೈಬಡಿದು ಹಾಡುವವಳು. ಮನೆಯಲ್ಲಿ ಹಾಡಿದರೆ ಬೈಯುತ್ತಾರೆ, ಇಲ್ಲಿ ಹಾಡಿದರೆ ಪಗಾರ ಕೊಡುತ್ತಾರೆ ಎಂದು ನನಗೆ ಹೇಳಿ ನಗುತ್ತಿದ್ದಳು.

ಆ ವರ್ಷದ ಗ್ಯಾದರಿಂಗ್ ಜನವರಿ ಕೊನೆಗೆ ಬಂತು. ಊರ ದೊಡ್ಡವರು, ತಂದೆತಾಯಿಗಳು, ಕಮಿಟಿಯವರು, ಎಲ್ಲರೂ ಬರುವ ಶಾಲೆಯ ಹಬ್ಬ. ಮಧ್ಯಾಹ್ನವೇ ಅಂಗಳದಲ್ಲಿ ಪೆಂಡಾಲು ತುಂಬಿತ್ತು. ನಜಮಾ ಹುಡುಗಿಯರಿಗೆ ಕೋಲಾಟದ ಪದ ಕಲಿಸಿದ್ದಳು. ಪರದೆಯ ಹಿಂದೆ ಅವರ ಜಡೆಗೆ ರಿಬ್ಬನ್ ಕಟ್ಟುತ್ತ ನಿಂತಿದ್ದಳು, ನಾನು ಅವಳ ಪಕ್ಕದಲ್ಲೇ ಇದ್ದೆ. ಕೋಲಾಟಕ್ಕೆ ಮೊದಲು ಅಂಬಾರಾಯನ ನಗೆಯಾಟದ ಫಾರ್ಸು ಎಂದು ಮೈಕಿನಲ್ಲಿ ಕೂಗಿದರು. ಏನು ಫಾರ್ಸು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಪೆಂಡಾಲಿನಲ್ಲಿ ಒಮ್ಮೆಲೇ ನಗೆ ಎದ್ದಿತು. ಪರದೆಯ ಸಂದಿಯಿಂದ ಇಣುಕಿದೆ. ಸ್ಟೇಜಿನ ಮೇಲೆ ನಜಮಾಳ ಬುರ್ಕಾ ನಡೆಯುತ್ತಿತ್ತು! ಸ್ಟಾಫ್ ರೂಮಿನ ಗೂಟದಿಂದ ತೆಗೆದುಕೊಂಡು ಬಂದು ಅಂಬಾರಾಯ ತೊಟ್ಟಿದ್ದ. ಸೊಂಟ ತಿರುವಿದ, ಬಳುಕಿದ, ಮುಂದಿನ ಸಾಲಿನ ಗಂಡಸರಿಗೆ ಕೈಸನ್ನೆ ಮಾಡಿದ. ಮುಖಪರದೆ ಎತ್ತಿದ. ಪೌಡರ್ ಮೆತ್ತಿದ ಮುಖ, ಕೆಂಪು ಬಣ್ಣ ಬಳಿದ ತುಟಿ, ಅದರ ಮೇಲೆ ಮೀಸೆ. ಮತ್ತೆ ಪರದೆ ಇಳಿಸಿ ನಾಚಿದಂತೆ ಮಾಡಿದ. ಕಮಿಟಿ ಛೇರ್ಮನ್ ಜಗದೇವಪ್ಪ ತೊಡೆ ತಟ್ಟಿ ನಗುತ್ತಿದ್ದ. ಹೆಡ್‌ಮಾಸ್ತರರು ಪಂಚೆಯ ಅಂಚಿನಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹಿಂದಿನಿಂದ ಹುಡುಗರು ಚಪ್ಪಾಳೆ ಹೊಡೆದು ಕೂಗಿದರು: "ನಜಮಾ ಟೀಚರ್! ನಜಮಾ ಟೀಚರ್!"

ಥೂ! ಇಷ್ಟು ವರ್ಷವಾದರೂ ಆ ಕೂಗನ್ನು ನಾನು ಮರೆತಿಲ್ಲ. ಮಕ್ಕಳನ್ನು ನಾನು ಬೈಯುವುದಿಲ್ಲ. ಅವರಿಗೆ ನಗಲಿಕ್ಕೆ ಕಲಿಸಿದವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ನಜಮಾ ಅದನ್ನೆಲ್ಲ ಕಂಡಳು. ಹುಡುಗಿಯರೆಲ್ಲ ಸ್ಟೇಜನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕೈಯಲ್ಲಿದ್ದ ರಿಬ್ಬನ್ನಿನ ಗಂಟು ಬಿಗಿ ಮಾಡಿದಳು. "ಪದ ಮರೀಬ್ಯಾಡ್ರಿ," ಎಂದಳು. "ಎರಡನೇ ಸಾಲಿಗೆ ಬಲಕ್ಕ ತಿರಗ್ರಿ." ಅಷ್ಟೇ. ಹುಡುಗಿಯರು ಹೋಗಿ ಚೆನ್ನಾಗಿಯೇ ಹಾಡಿದರು. ಅವಳು ಪರದೆಯ ಹಿಂದೆ ನಿಂತು ತುಟಿ ಅಲುಗಿಸುತ್ತ ಅವರ ಜೊತೆ ಹೇಳಿದಳು.

ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋದರೆ ಬುರ್ಕಾ ಬೆಂಚಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಕೈಗೆತ್ತಿಕೊಂಡರೆ ಬೀಡಿ, ಬೆವರು, ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಮುಖಪರದೆಯ ಒಳಮೈಯಲ್ಲಿ ಅಂಬಾರಾಯನ ತುಟಿಯ ಕೆಂಪು ಹತ್ತಿತ್ತು. ನಾಳೆ ನಜಮಾಳ ಬಾಯಿ ತಾಗುವ ಜಾಗದಲ್ಲಿ! ನಾನು ಹೆಡ್‌ಮಾಸ್ತರರ ಕಡೆ ತಿರುಗಿ, "ಇದೇನ್ ಹಲಕಟ್ಟತನಾರಿ?" ಎಂದೆ.

"ನಗಲಿಕ್ಕೂ ಬರಂಗಿಲ್ಲೇನು ನಿಮಗ? ಕಲಾ ಅದು, ಕಲಾ," ಎಂದರು ಅವರು. ನಜಮಾಳ ಕಡೆ ನೋಡಿ, ಆಶೀರ್ವಾದ ಮಾಡುವವರಂತೆ, "ನೀ ಮನಸಿಗೆ ಹಚ್ಕೋಬ್ಯಾಡವಾ. ಇವತ್ತಿನಿಂದ ಅದನ್ನ ಬಿಟ್ಟೇಬಿಡು. ನಾವೇ ಬಿಡಿಸಿದ್ವಿ ಅಂತ ತಿಳ್ಕೋ," ಎಂದರು.

ನಜಮಾ ನನ್ನ ಕೈಯಿಂದ ಬುರ್ಕಾ ತೆಗೆದುಕೊಂಡು ನಲ್ಲಿಯ ಕಡೆ ಓಡಿದಳು. ಗ್ಯಾದರಿಂಗ್ ಗದ್ದಲದಲ್ಲಿ ನೀರೆಲ್ಲ ಖಾಲಿಯಾಗಿತ್ತು. ಕರವಸ್ತ್ರದಿಂದ ತಿಕ್ಕಿದಳು, ಕೆಂಪು ಇನ್ನಷ್ಟು ಹರಡಿತು. ಸಂಜೆಯ ಪ್ಯಾಸೆಂಜರಿಗೆ ಹೊತ್ತಾಗಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನ ಶಾಲು ಕೊಟ್ಟು, ಇದನ್ನು ಹೊದ್ದುಕೊಂಡು ಹೋಗು ಎಂದೆ.

"ನಮ್ಮ ಅಬ್ಬಾ ಕೇಳೂದು ಶಾಲಲ್ಲ, ಅಕ್ಕಾ. ಇದಿಲ್ದ ಶಹಾಬಾದಿನಾಗ ಇಳದ್ರ ನಾಳಿಂದ ಸಾಲಿ ಬಂದ್."

ಅದನ್ನೇ ತೊಟ್ಟಳು. ಡಬ್ಬಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಒಳಗಿಂದ ಓಕರಿಕೆಯ ಸದ್ದು ಕೇಳುತ್ತಿತ್ತು. ಕಂಡವರ ಬೀಡಿ ನಾರುವ ಬಟ್ಟೆಯನ್ನು ಮೂಗುಬಾಯಿಗೆ ಕಟ್ಟಿಕೊಂಡು ಕೂಡ್ರುವುದು ಏನೆಂದು ಆ ಮುಂದಿನ ಸಾಲಿನವರಿಗೆ ಒಮ್ಮೆಯಾದರೂ ಗೊತ್ತಾಗಬೇಕಿತ್ತು. ವಾಡಿಯಲ್ಲಿ ನಾನು ಇಳಿದು ಮನೆಗೆ ಹೋದೆ. ಅವಳು ಶಹಾಬಾದಿನ ಗಾಡಿ ಹತ್ತಿದಳು.

ಮರುದಿನ ನಜಮಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ಭಾನುವಾರ ನಾನೇ ಶಹಾಬಾದಿಗೆ ಹೋದೆ.

ಬಾಗಿಲಲ್ಲಿ ಮಶಾಕ ನಿಂತಿದ್ದ. ಬೆಲ್‌ಬಾಟಂ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಶಹಾಬಾದಿಗೆ ಬಂದ ಪಿಕ್ಚರ್ ಒಂದನ್ನೂ ಬಿಟ್ಟವನಲ್ಲ. ನಮಾಜಿಗೆ ಅವನನ್ನು ಯಾರೂ ಕಂಡದ್ದಿಲ್ಲ. ತನ್ನ ಧರ್ಮವನ್ನೆಲ್ಲ ಅವನು ಅಕ್ಕನ ಮೈಮೇಲೆ ಹೊರಿಸಿಬಿಟ್ಟಿದ್ದ. ಗ್ಯಾದರಿಂಗ್ ದಿನ ಸಂಜೆ ಸ್ಟೇಷನ್ನಿಗೆ ಅಕ್ಕನನ್ನು ಕರೆಯಲು ಹೋದವನಿಗೆ ಬೀಡಿಯ ವಾಸನೆ ಬಂದಿದೆ. ಮನೆಗೆ ತಂದು ಬುರ್ಕಾ ಬಿಚ್ಚಿಸಿ ನೋಡಿದರೆ ಪರದೆಯಲ್ಲಿ ತುಟಿಯ ಕೆಂಪು. "ಯಾವನ ಜೋಡಿ ಕುಣಿದು ಬಂದಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದನಂತೆ.

ಅಬ್ದುಲ್ ಕರೀಮ್ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ತಾವು ಕೂಡ್ರಲಿಲ್ಲ. ಟೀಚರ್ ಮುಂದೆ ಅವರು ಕೂಡ್ರುವವರಲ್ಲ.

"ಬುರ್ಕಾದ ಮಾತಲ್ರಿ ಬಾಯೋರ," ಎಂದರು. "ನನ್ನ ಬೇಟಿ ನನ್ನ ಮುಂದ ಸುಳ್ಳು ಹೇಳ್ತಾಳಲ್ರಿ, ಅದಕ್ಕ ಜೀವ ಸಂಕಟ ಆಗ್ಯದ. ಅದನ್ನ ಮಾಸ್ತರು ಹಾಕ್ಕೊಂಡು ಕುಣದ್ರಂತ. ಹೆಡ್‌ಮಾಸ್ತರು ಕುಂತು ನಕ್ಕರಂತ. ಮಾಸ್ತರ ಮಂದಿ ಅಂಥಾ ಕೆಲಸ ಮಾಡ್ತಾರೇನ್ರಿ? ನಮ್ಮ ಉಸ್ತಾದರು ಬಂದ್ರ ನಾವು ಅವರ ಚಪ್ಪಲಿ ಕೈಯಾಗ ಹಿಡಕೊಂಡು ನಿಲ್ತಿದ್ವಿ."

"ಖರೇ ಅದ ಕರೀಮ್ ಸಾಹೇಬ್ರ. ನಾ ಕಣ್ಣಾರೆ ನೋಡೀನಿ."

ಅವರು ತಲೆ ತಗ್ಗಿಸಿದರು. "ನೀವು ಆಕಿ ಗೆಳತಿ. ಬಚಾಯಿಸ್ಲಿಕ್ಕೆ ಹೇಳ್ತೀರಿ. ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಹೆಡ್‌ಮಾಸ್ತರು ಒಂದ್ ಮಾತು ಹೇಳಲಿ, ನಾಳಿನೇ ಕಳಸ್ತೀನಿ."

ನೋಡಿ ಹೇಗಿದೆ! ಮಗಳ ಮಾತು ಸುಳ್ಳು, ಮೇಷ್ಟ್ರು ದೇವರು. ಅವರ ಮೇಲೂ ನನಗೆ ಮೈ ಉರಿಯಿತು. ಆದರೆ ಆ ಮನುಷ್ಯ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಮೇಷ್ಟ್ರು ಎಂದರೆ ಅವರಿಗೆ ಆ ಉಸ್ತಾದರೇ. ಅಂಬಾರಾಯನಂಥವನನ್ನು ಅವರು ಮನಸ್ಸಿನಲ್ಲೂ ಕಂಡಿರಲಿಲ್ಲ.

ಅಡುಗೆಮನೆಯಲ್ಲಿ ನಜಮಾ ಕುಳಿತಿದ್ದಳು. ನನ್ನ ಕೈ ಹಿಡಿದಳು. ಚಿಂಚೋಳಿಯ ಒಬ್ಬ ಕಟ್ಟಿಗೆ ವ್ಯಾಪಾರಿ, ಹೆಂಡತಿ ಸತ್ತವನು, ಬೆಳೆದ ಮಕ್ಕಳಿದ್ದವನು, ಅವಳನ್ನು ಮದುವೆಗೆ ಕೇಳಿದ್ದಾನಂತೆ. ಮಶಾಕ ಆಗಲಿ ಎನ್ನುತ್ತಿದ್ದಾನಂತೆ. "ಅಕ್ಕಾ, ನೌಕರಿ ಹೋದ್ರ ನನ್ನ ಕಥಿ ಅಲ್ಲಿಗೆ ಮುಗೀತು. ಹೆಡ್‌ಮಾಸ್ತರಿಗೆ ಹೇಳ್ರಿ. ಕ್ಷಮಾ ಕೇಳೂದು ಬ್ಯಾಡ. ಆಗಿದ್ದನ್ನ ಆಗ್ಯದ ಅಂತ ಹೇಳಿದ್ರ ಸಾಕು."

ಸೋಮವಾರ ಬೆಳಿಗ್ಗೆಯೇ ಪ್ರಾಣೇಶರಾಯರ ಮುಂದೆ ನಿಂತೆ. ಶಹಾಬಾದಿಗೆ ಬನ್ನಿ, ಒಂದು ಮಾತು ಹೇಳಿ ಬನ್ನಿ ಎಂದೆ.

"ಅವರ ಮನಿಗೆ ನಾ ಹೋಗಿ ಸಾಕ್ಷಿ ಹೇಳ್ಬೇಕೇನು? ಸಾಲಿ ಮರ್ಯಾದಿ ಏನಾಗ್ಬೇಕು?"

ಅಂಬಾರಾಯನನ್ನು ಕೇಳಿದೆ. "ಯಪ್ಪಾ, ಆ ಓಣ್ಯಾಗ ಹೋದ್ರ ಕೈಕಾಲು ಮುರದ್ ಕಳಸ್ತಾರ," ಎಂದ. ಇಡೀ ಊರೆದುರು ಸೊಂಟ ತಿರುವಲು ಇದ್ದ ಧೈರ್ಯ, ಒಬ್ಬ ಮುದುಕನ ಮುಂದೆ ಹೌದು ನಾನೇ ಎನ್ನಲು ಇರಲಿಲ್ಲ. ಹೇಡಿ! ಅಲ್ಲಿ ಅವನಿಗೆ ಸಿಗುತ್ತಿದ್ದದ್ದು ಕುರ್ಚಿ ಮತ್ತು ಚಹಾ ಎಂದು ನಾನು ಹೇಳಿದರೂ ಕೇಳಲಿಲ್ಲ. ಮೇಲಿಂದ ಹೆಡ್‌ಮಾಸ್ತರರು ಇನ್ನೊಂದು ಮಾತು ಸೇರಿಸಿದರು. ಬರುವ ಸೋಮವಾರ ಸ್ಕೂಲ್ ಇನ್ಸ್‌ಪೆಕ್ಟರ್ ಬರುತ್ತಾರೆ. ಅವತ್ತು ನಜಮಾ ಹಾಜರಿರದಿದ್ದರೆ ಜಾಗ ಖಾಲಿ ಎಂದು ಅವರಿಗೆ ತಿಳಿಸುತ್ತಾರಂತೆ.

ನಾನು ಮತ್ತೆ ಶಹಾಬಾದಿಗೆ ಹೋಗಿ ಅಬ್ದುಲ್ ಕರೀಮರಿಗೆ ಎಲ್ಲ ಹೇಳಿದೆ. ಅವರು ಬರುವುದಿಲ್ಲ, ನೀವೇ ಬಂದು ಅವರ ಬಾಯಿಂದ ಕೇಳಿಕೊಳ್ಳಿ ಎಂದೆ. ಮಾಸ್ತರರನ್ನು ನಿಲ್ಲಿಸಿ ಕೇಳುವುದೆ ಎಂದು ಅವರ ಮುಖ ಸಣ್ಣದಾಯಿತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಆ ಸೋಮವಾರ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕತ್ತು ಉದ್ದ ಮಾಡಿ ಹುಡುಕಿದೆ. ಶಹಾಬಾದಿನ ಗಾಡಿ ತಡವಾಗಿತ್ತು. ನಾನು ಒಬ್ಬಳೇ ಹೋದೆ.

ಇನ್ಸ್‌ಪೆಕ್ಟರ್ ಸಾಹೇಬರು ಬಂದು ಎರಡು ಕ್ಲಾಸು ನೋಡಿ ಸ್ಟಾಫ್ ರೂಮಿನಲ್ಲಿ ಕುಳಿತರು. ಶಿವಕಾಂತಮ್ಮ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ತಂದಿಟ್ಟಳು. ಕನ್ನಡ ಟೀಚರ್ ಎಲ್ಲಿ ಎಂದು ಸಾಹೇಬರು ಕೇಳಿದರು.

"ಬಿಟ್ಟಂಗೇ ಸಾಹೇಬ್ರ," ಎಂದರು ಪ್ರಾಣೇಶರಾಯರು, ದೊಡ್ಡ ನಿಟ್ಟುಸಿರು ಬಿಟ್ಟು. "ನಾವು ಭಾಳ ಪ್ರೋತ್ಸಾಹ ಕೊಟ್ವಿ. ಆದ್ರ ಅವರ ಮಂದಿ ಹೆಣ್ಮಕ್ಕಳನ್ನ ಮುಂದ ಬರಗೊಡಂಗಿಲ್ಲ. ಮನ್ಯಾಗ ಕೂಡಸ್ಯಾರ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲ ಹೇಳಿಬಿಟ್ಟೆ. ಬುರ್ಕಾ ಕದ್ದದ್ದು, ಇವನು ತೊಟ್ಟು ಕುಣಿದದ್ದು, ಇವರು ನಕ್ಕದ್ದು, ಬೀಡಿಯ ವಾಸನೆ, ತುಟಿಯ ಬಣ್ಣ, ಒಂದು ಮಾತು ಹೇಳಲು ಹಿಂದೆ ಸರಿದದ್ದು. ಈಗ ಇವರಿಗೆ ಛೀಮಾರಿ ಬೀಳುತ್ತದೆ ಎಂದುಕೊಂಡು ಸಾಹೇಬರ ಮುಖ ನೋಡಿದೆ.

ಸಾಹೇಬರ ತುಟಿ ಕುಣಿಯುತ್ತಿತ್ತು. "ಅಂಬಾರಾಯ ಮಾಸ್ತರು? ಈ ಮೀಸಿ ಇಟ್ಕೊಂಡು?" ಎಂದು ಗಹಗಹಿಸಿ ನಕ್ಕರು. "ಹ್ಯಾಂಗ್ ಮಾಡಿದ್ರಿ, ಸ್ವಲ್ಪ ತೋರಸ್ರಿ ನೋಡೋಣ!"

ಅಂಬಾರಾಯ ಮೊದಲು ನಾಚಿದ. ಹೆಡ್‌ಮಾಸ್ತರರೇ ತಮ್ಮ ಶಾಲು ತೆಗೆದುಕೊಟ್ಟರು. ಅದನ್ನು ತಲೆಯ ಮೇಲಿಂದ ಮುಖದ ತನಕ ಇಳಿಬಿಟ್ಟುಕೊಂಡು, ಭಜಿಯ ತಟ್ಟೆಗಳ ನಡುವೆ ಸೊಂಟ ತಿರುಗಿಸುತ್ತ ನಡೆದ. ಸಾಹೇಬರಿಗೆ ಚಹಾ ನೆತ್ತಿಗೇರಿತು. ಶಿವಕಾಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಮನುಷ್ಯರೇ ಇವರು? ನಾನು ಬಾಗಿಲ ಕಡೆ ತಿರುಗಿದೆ.

ಬಾಗಿಲಲ್ಲಿ ಅಬ್ದುಲ್ ಕರೀಮ್ ನಿಂತಿದ್ದರು. ಇಸ್ತ್ರಿ ಮಾಡಿದ ಶೇರವಾನಿ. ಚಪ್ಪಲಿ ಹೊರಗೆ ಬಿಟ್ಟಿದ್ದರು. ಸಲಾಮಿಗೆ ಎತ್ತಿದ ಕೈ ಎದೆಯ ಹತ್ತಿರ ನಿಂತುಬಿಟ್ಟಿತ್ತು. ಅವರ ಹಿಂದೆ ನಜಮಾ, ಒಗೆದ ಬುರ್ಕಾದಲ್ಲಿ, ಮುಖಪರದೆ ಮೇಲಕ್ಕೆ ಎತ್ತಿಕೊಂಡು.

ಅಂಬಾರಾಯ ಅವರನ್ನು ಕಂಡು ಗಕ್ಕನೆ ನಿಂತ. ಶಾಲು ತಲೆಯ ಮೇಲೆಯೇ ಇತ್ತು.

"ಯಾಕ ನಿಂತ್ರಿ ಸರ್?" ಎಂದಳು ನಜಮಾ. ದನಿ ಸ್ವಲ್ಪವೂ ಏರಲಿಲ್ಲ. "ನಮ್ಮ ಅಬ್ಬಾ ಅವತ್ತು ನೋಡಿಲ್ಲ. ಈಗೂ ಅರ್ಧಾನೇ ನೋಡ್ಯಾರ. ಇನ್ನೊಂದ್ ಸಲ ಮಾಡ್ರಿ."

ಅಂಬಾರಾಯ ಹೆಡ್‌ಮಾಸ್ತರರ ಕಡೆ ನೋಡಿದ. ಹೆಡ್‌ಮಾಸ್ತರರು ಸೂಸಲಾದ ತಟ್ಟೆ ನೋಡಿದರು.

"ಮಾಸ್ತರ ಮಂದಿ ಹಿಂಗ ಮಾಡಂಗಿಲ್ಲ ಅಂತಾರ ಇವರು. ನಾ ಎಷ್ಟ್ ಹೇಳಿದ್ರೂ ನಂಬವಲ್ರು. ಮಾಡಿ ತೋರಸ್ರಿ ಸರ್. ನನ್ನ ನೌಕರಿ ಅದರ ಮ್ಯಾಲೆ ಅದ."

"ಸಾಕು ಬೇಟಿ." ಅಬ್ದುಲ್ ಕರೀಮ್ ಎತ್ತಿದ ಕೈಯನ್ನು ಕೆಳಗಿಳಿಸಿದರು. "ನೀ ಖರೇ ಹೇಳಿದ್ದಿ. ನನಗ ಮಾಫ್ ಮಾಡು." ಒಳಗಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದರು. "ನಡಿ ಮನಿಗೆ. ಇಂಥಾ ಮಂದಿ ನಡುವ ನೀ ಇರೂದು ಬ್ಯಾಡ."

ಮಗಳನ್ನು ನಂಬಿದ ಗಳಿಗೆಯಲ್ಲೇ ಅವಳ ನೌಕರಿಗೆ ಕಲ್ಲು ಬಿತ್ತಲ್ಲ!

ನಜಮಾ ಅಲುಗಲಿಲ್ಲ. "ಮನಿಗೆ ಯಾಕ ಅಬ್ಬಾ? ಕುಣಿದವರು ಇಲ್ಲೇ ಇರ್ತಾರ. ನಕ್ಕವರು ಇಲ್ಲೇ ಇರ್ತಾರ. ಏನೂ ಮಾಡದಾಕಿ ನಾ ಯಾಕ ಹೋಗ್ಲಿ? ನನಗ ಆರನೇತ್ತಾ ಕ್ಲಾಸ್ ಅದ."

ಅವರು ಮಗಳ ಮುಖವನ್ನೇ ನೋಡುತ್ತ ನಿಂತರು. ಕೊನೆಗೆ, "ಹೋಗು. ಸಂಜಿ ಗಾಡಿಗೆ ಬಾ," ಎಂದರು. ನಜಮಾ ಒಳಗೆ ಬಂದಳು. ಎಲ್ಲರ ಎದುರೇ ಬುರ್ಕಾ ತೆಗೆದು ಮಡಚಿ ನನ್ನ ಕೈಗೆ ಕೊಟ್ಟಳು, ಹಾಜರಿ ಹಾಕಿದಳು, ಕ್ಲಾಸಿಗೆ ಹೋದಳು.

ಮುಂದೆಯೂ ಹೋಗುತ್ತಲೇ ಇದ್ದಳು, ಸೇಡಂನ ಶಾಲೆಯೊಂದರಲ್ಲಿ ಬೇರೆ ಜಾಗ ಸಿಗುವವರೆಗೆ. ಚಿಂಚೋಳಿಯ ಸಂಬಂಧವನ್ನು ಅಪ್ಪನೇ ಬೇಡ ಎಂದರು. ಬುರ್ಕಾವನ್ನು ಅವಳು ಕೆಲವು ವರ್ಷ ಹಾಕಿದಳು, ಆಮೇಲೆ ಬಿಟ್ಟಳು, ಅಪ್ಪ ತೀರಿಕೊಂಡ ಮೇಲೆ, ಯಾರೂ ಹಾಕು ಎನ್ನುವವರಿಲ್ಲದಾಗ, ಮತ್ತೆ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಮನಸ್ಸಾತು ಅಕ್ಕಾ," ಎಂದಳು. ಸರಿ, ಅವಳ ಮನಸ್ಸು.

ಆದರೆ ಆ ಸೋಮವಾರದ ಮಾತು ಇನ್ನೂ ಸ್ವಲ್ಪ ಇದೆ. ನಜಮಾ ಕ್ಲಾಸಿಗೆ ಹೋದಳು, ಅಬ್ದುಲ್ ಕರೀಮ್ ವರಾಂಡಕ್ಕೆ ಇಳಿದರು. ಈಗಾದರೂ ಸ್ಟಾಫ್ ರೂಮಿನವರಲ್ಲಿ ಒಬ್ಬರಿಗೆ ನಾಚಿಕೆಯಾದೀತು ಎಂದು ನಾನು ಕಾದೆ. ಪ್ರಾಣೇಶರಾಯರು ಶಾಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು.

"ನೋಡಿದ್ರಿಲ್ಲೋ ಸಾಹೇಬ್ರ? ನೌಕರಿ ಉಳೀತು ಅಂತ ಒಂದ್ ನಮಸ್ಕಾರ ಸುದ್ದಾ ಮಾಡ್ಲಿಲ್ಲ. ನಾವು ಎಷ್ಟ್ ಮಾಡಿದ್ರೂ ಈ ಮಂದಿ ಅಷ್ಟೇರಿ."

"ಜಂಬ ಭಾಳ," ಎಂದಳು ಶಿವಕಾಂತಮ್ಮ. ಸಾಹೇಬರು ಹೌದು ಹೌದು ಎಂದು ತಲೆಯಾಡಿಸಿ ಇನ್ನೊಂದು ಭಜಿ ಎತ್ತಿಕೊಂಡರು.

ನಾನು ಅಲ್ಲಿ ಕೂಡ್ರಲಾರದೆ ಹೊರಗೆ ಬಂದೆ. ಅಬ್ದುಲ್ ಕರೀಮ್ ಇನ್ನೂ ಕಿಟಕಿಯ ಕೆಳಗೆ ನಿಂತು ಚಪ್ಪಲಿ ಮೆಟ್ಟುತ್ತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. ಅವರು ನನ್ನ ಕಡೆ ನೋಡಿದರು.

"ಬಾಯೋರ," ಎಂದರು, "ಇವರು ಮಕ್ಕಳಿಗೆ ಏನ್ ಕಲಸ್ತಾರ್ರಿ?"